ಕಪ್ಪು ಪಟ್ಟಿಗಳ ನಡುವೆ

ಅಪ್ಪ ನ್ಯೂಜೆರ್ಸಿಗೆ ಬಂದಿದ್ದಾಗ ಒಂದು ಸಂಜೆ ಗುರುದತ್ತರ 'ಕಾಗಜ್ ಕೆ ಫೂಲ್' ಡಿವಿಡಿ ಹಾಕಿದೆ. ಎರಡು ನಿಮಿಷ ಆಗಿರಲಿಲ್ಲ, "ನಿನ್ನ ಟಿವಿ ಕೆಟ್ಟಿದೆಯೇನೋ? ಮೇಲೂ ಕೆಳಗೂ ಕಪ್ಪಗಿದೆ. ಚಿತ್ರ ಕತ್ತರಿಸಿಬಿಟ್ಟಿದ್ದಾರೆ" ಅಂದರು. ಕತ್ತರಿಸಿಲ್ಲ ಅಪ್ಪಾ, ಪೂರ್ತಿ ಚಿತ್ರ ಕಾಣೋದೇ ಹೀಗೆ ಅಂದೆ. ಒಪ್ಪಲಿಲ್ಲ. ಇಷ್ಟು ದೊಡ್ಡ ಟಿವಿ ತಂದು ಅರ್ಧ ಪರದೆಯಲ್ಲಿ ನೋಡುವುದು ಅವರ ಲೆಕ್ಕದಲ್ಲಿ ಶುದ್ಧ ನಷ್ಟ.

ಈ ಜಗಳ ನಮ್ಮ ಮನೆಯದಷ್ಟೇ ಅಲ್ಲ. ಇದರ ಬೇರು ಎಡಿಸನ್ನನ ಪ್ರಯೋಗಶಾಲೆಯವರೆಗೂ ಹೋಗುತ್ತದೆ. ಅಲ್ಲಿ ಡಿಕ್ಸನ್ ಎಂಬಾತ 35 ಮಿ.ಮೀ. ಫಿಲ್ಮಿನಲ್ಲಿ ಒಂದೊಂದು ಚಿತ್ರಕ್ಕೂ ನಾಲ್ಕು ರಂಧ್ರದಷ್ಟು ಎತ್ತರ ಕೊಟ್ಟ. ಅಗಲ ನಾಲ್ಕು ಪಾಲು, ಎತ್ತರ ಮೂರು. ಮಾತಿನ ಚಿತ್ರಗಳು ಬಂದಮೇಲೆ, 1932ರಲ್ಲಿ, ಹಾಲಿವುಡ್ ಅದನ್ನು 1.37:1ಕ್ಕೆ ನಿಲ್ಲಿಸಿತು. ಟಿವಿ ಹುಟ್ಟಿದಾಗ ಸಿನಿಮಾದ ಈ ಆಕಾರವನ್ನೇ ಎತ್ತಿಕೊಂಡಿತು.

ಜನ ಮನೆಯಲ್ಲೇ ಕೂತು ನೋಡತೊಡಗಿದಾಗ ಸಿನಿಮಾದವರಿಗೆ ದಿಗಿಲಾಯಿತು. ಟಿವಿ ಕೊಡಲಾರದ್ದನ್ನು ಕೊಡಬೇಕಿತ್ತು. 1952ರಲ್ಲಿ ಮೂರು ಪ್ರೊಜೆಕ್ಟರುಗಳಿಂದ ಬಾಗಿದ ಪರದೆಯ ಮೇಲೆ ಓಡುವ ಸಿನೆರಾಮಾ ಬಂತು, ಮರುವರ್ಷ 'ದಿ ರೋಬ್' ಚಿತ್ರದೊಂದಿಗೆ ಸಿನಿಮಾಸ್ಕೋಪ್. ಫ್ರಾನ್ಸಿನ ಆನ್ರಿ ಕ್ರೆತಿಯನ್ ರೂಪಿಸಿದ ಲೆನ್ಸು ಎರಡರಷ್ಟು ಅಗಲದ ದೃಶ್ಯವನ್ನು ಅಕ್ಕಪಕ್ಕದಿಂದ ಒತ್ತಿ ಅದೇ ಫಿಲ್ಮಿನೊಳಗೆ ತುರುಕುತ್ತಿತ್ತು. ಚಿತ್ರಮಂದಿರದ ಇನ್ನೊಂದು ಲೆನ್ಸು ಅದನ್ನು ಮತ್ತೆ ಬಿಡಿಸುತ್ತಿತ್ತು. ಮೊದಲು 2.55:1 ಇದ್ದದ್ದು ಆಮೇಲೆ 2.35:1 ಆಯಿತು. ನಮ್ಮೂರ ಪೋಸ್ಟರುಗಳ ಮೇಲೆ ದಪ್ಪಕ್ಷರದಲ್ಲಿ ಮೆರೆಯುತ್ತಿದ್ದ 'ಸ್ಕೋಪ್' ಇದೇ.

ತಮಾಷೆ ಏನೆಂದರೆ, ಟಿವಿಯನ್ನು ಸೋಲಿಸಲು ಹುಟ್ಟಿದ ಚಿತ್ರಗಳನ್ನೇ ಕೊನೆಗೆ ಟಿವಿಗೆ ಮಾರಿದರು. 1961ರಲ್ಲಿ ಎನ್‌ಬಿಸಿ ತನ್ನ ಶನಿವಾರ ರಾತ್ರಿಯ ಚಲನಚಿತ್ರ ಕಾರ್ಯಕ್ರಮ ಶುರುಮಾಡಿದ್ದು ಸಿನಿಮಾಸ್ಕೋಪಿನ 'ಹೌ ಟು ಮ್ಯಾರಿ ಎ ಮಿಲಿಯನೇರ್' ತೋರಿಸಿ. ಅಗಲದ ಚಿತ್ರವನ್ನು ಚೌಕದ ಪೆಟ್ಟಿಗೆಗೆ ತುಂಬಿಸುವ ಕೆಲಸಕ್ಕೆ 'ಪ್ಯಾನ್ ಅಂಡ್ ಸ್ಕ್ಯಾನ್' ಎಂದು ಹೆಸರು. ಯಾವ ಭಾಗ ಮುಖ್ಯ ಎಂದು ತಂತ್ರಜ್ಞನೊಬ್ಬ ಕೂತು ತೀರ್ಮಾನಿಸುತ್ತಾನೆ, ಉಳಿದದ್ದು ಹೋಯಿತು. 2.35ರ ಚಿತ್ರದಲ್ಲಿ ಹಾಗೆ ಹೋಗುವುದು ನೂರಕ್ಕೆ 43 ಪಾಲು! ಮೇಜಿನ ಎರಡು ತುದಿಯಲ್ಲಿ ಕೂತು ಮಾತಾಡುವವರಲ್ಲಿ ಒಬ್ಬರು ಮಾಯ. ಇಲ್ಲವೇ ನಿರ್ದೇಶಕ ಎಂದೂ ಅಲುಗಿಸದ ಕ್ಯಾಮೆರಾ ಅತ್ತಿಂದಿತ್ತ ಜಾರುತ್ತದೆ. ಇಂಡಿಯನ್ ಗ್ರೋಸರಿ ಅಂಗಡಿಯಿಂದ ಬಾಡಿಗೆಗೆ ತಂದ ಕ್ಯಾಸೆಟ್ಟುಗಳಲ್ಲಿ ನಾನು ವರ್ಷಗಟ್ಟಲೆ ನೋಡಿದ್ದು ಇಂಥ ಅರ್ಧ ಸಿನಿಮಾಗಳನ್ನೇ. ಪರದೆ ತುಂಬಿತ್ತಲ್ಲ, ಅನುಮಾನವೇ ಬರಲಿಲ್ಲ.

ಪಟ್ಟಿ ಬಿಟ್ಟು ಪೂರ್ತಿ ತೋರಿಸುವ 'ಲೆಟರ್‌ಬಾಕ್ಸ್' ಪದ್ಧತಿ ಕ್ಯಾಸೆಟ್ಟಿಗೆ ಬಂದದ್ದು ಎಂಬತ್ತರ ದಶಕದಲ್ಲಿ. ವುಡಿ ಆಲನ್ ಹಟ ಹಿಡಿದು 'ಮ್ಯಾನ್‌ಹಟನ್' ಅನ್ನು ಹಾಗೇ ಹೊರತರಿಸಿದ. ಆದರೆ ಪಟ್ಟಿಗೂ ಬೆಲೆ ತೆರಬೇಕು. ಅಮೆರಿಕದ ಡಿವಿಡಿಯ 480 ಗೆರೆಗಳಲ್ಲಿ ಸ್ಕೋಪ್ ಚಿತ್ರಕ್ಕೆ ಸಿಗುವುದು ಸುಮಾರು 272, ಉಳಿದವು ಕಪ್ಪು ಬಳಿಯಲು ಖರ್ಚು. ಆಗ ಕ್ರೆತಿಯನ್ನನ ಹಳೇ ಉಪಾಯವೇ ಮತ್ತೆ ಕೈಹಿಡಿಯಿತು. ಚಿತ್ರವನ್ನು ಒತ್ತಿ ತುಂಬಿ, 16:9 ಟಿವಿಯಲ್ಲಿ ಬಿಡಿಸಿದರೆ ಗೆರೆಗಳು 363ಕ್ಕೆ ಏರುತ್ತವೆ. ಆ 16:9 ಕೂಡ ರಾಜಿ ಸೂತ್ರ. ಕರ್ನ್ಸ್ ಪವರ್ಸ್ ಎಂಬ ಎಂಜಿನಿಯರ್ ಬಳಕೆಯಲ್ಲಿದ್ದ ಆಕಾರಗಳನ್ನೆಲ್ಲ ಒಂದರ ಮೇಲೊಂದು ಬರೆದು ಕಂಡುಕೊಂಡ ನಡುವಿನ ಅಳತೆ. ಹಾಗಾಗಿ ಹೊಸ ಟಿವಿಯಲ್ಲೂ ಸ್ಕೋಪ್ ಚಿತ್ರಕ್ಕೆ ಪಟ್ಟಿ ತಪ್ಪಿದ್ದಲ್ಲ. ಹಳೆಯ ಕನ್ನಡ ಚಿತ್ರಗಳದ್ದು ತಿರುಗುಮುರುಗು ಅವಸ್ಥೆ. ಪಕ್ಕದ ಪಟ್ಟಿ ಬೇಡವೆಂದು ಅಡ್ಡಕ್ಕೆ ಎಳೆದು ಹಾಕುತ್ತಾರೆ, ರಾಜ್‌ಕುಮಾರರ ಮುಖ ಊದಿಕೊಂಡಿರುತ್ತದೆ.

ಅಪ್ಪನಿಗೆ ಇಷ್ಟೆಲ್ಲ ಹೇಳಲಿಲ್ಲ. 1959ರ ಆ ಚಿತ್ರ ಭಾರತದ ಮೊದಲ ಸಿನಿಮಾಸ್ಕೋಪ್. ಅದರ ಛಾಯಾಗ್ರಾಹಕರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಎಂದಷ್ಟೇ ಹೇಳಿ, ಖಾಲಿ ಸ್ಟುಡಿಯೊದ ದೃಶ್ಯಕ್ಕೆ ಬಂದೆ. ಮೂರ್ತಿಯವರು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಗೆ ತಿರುಗಿಸಿ ಮೇಲಿನಿಂದ ಇಳಿಸಿದ ಬೆಳಕಿನ ಕೋಲು; ಗುರುದತ್ ಒಂದು ಕಡೆ, ವಹೀದಾ ಇನ್ನೊಂದು ಕಡೆ, ನಡುವೆ ಅಷ್ಟು ದೂರ. ಆಮೇಲೆ ಅದೇ ಜಾಗವನ್ನು ನನ್ನ ಹಳೇ ಕ್ಯಾಸೆಟ್ಟಿನಲ್ಲಿ ಹಾಕಿದೆ. ಪರದೆ ತುಂಬಿತು.

"ಅವಳೆಲ್ಲಿ ಹೋದಳು?" ಅಂದರು ಅಪ್ಪ.

ಸ್ವಲ್ಪ ಹೊತ್ತು ಬಿಟ್ಟು, "ಆ ಮೊದಲಿನದೇ ಹಾಕು" ಅಂದರು.