ಓಟಗಾರನ ಒಪ್ಪಿಗೆಪತ್ರ

ಮನೆಯಲ್ಲಿ ಹೈಸ್ಕೂಲು ಮುಗಿಸುವ ಮಗನೋ ಮಗಳೋ ಇದ್ದರೆ ಬೇಸಗೆಯ ದಿನಗಳು ಹೇಗೆ ಕಳೆಯುತ್ತವೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಅಂಕಪಟ್ಟಿ, ವರ್ಗಾವಣೆ ಪತ್ರ, ಅರ್ಜಿ ಫಾರಂ ಇವುಗಳನ್ನು ಕಂಕುಳಲ್ಲಿ ಇರುಕಿಕೊಂಡು ತಂದೆಯಾದವನು ಕಾಲೇಜಿನ ಕಛೇರಿಯ ಮುಂದೆ ಸಾಲಿನಲ್ಲಿ ನಿಲ್ಲುತ್ತಾನೆ. ಕಾಲೇಜನ್ನು ನಾವು ಹುಡುಕಿಕೊಂಡು ಹೋಗಬೇಕೇ ಹೊರತು ಕಾಲೇಜು ನಮ್ಮನ್ನು ಹುಡುಕಿಕೊಂಡು ಬರುವುದುಂಟೆ? ಉಂಟು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಉಂಟು. ಅಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಎರಡು ಮೈಲಿ ದೂರವನ್ನು ಒಂಬತ್ತು ನಿಮಿಷದೊಳಗೆ ಓಡಿದನೆಂದು ಪತ್ರಿಕೆಯಲ್ಲಿ ಬಂದಿತೆನ್ನಿ. ಆ ಮನೆಗೆ ಕಾಲೇಜುಗಳಿಂದ ಕಾಗದಗಳು ಬರತೊಡಗುತ್ತವೆ. ಬಳಿಕ ಟೆಲಿಫೋನು, ಅದರ ಬಳಿಕ ವಿಶ್ವವಿದ್ಯಾನಿಲಯದ ತರಬೇತುದಾರನೇ ಬಂದು ಹುಡುಗನ ತಾಯಿತಂದೆಗಳೊಡನೆ ಊಟದ ಮೇಜಿನ ಬಳಿ ಕುಳಿತು ಮಾತನಾಡುತ್ತಾನೆ. ಕನ್ಯಾರ್ಥಿಗಳು ಹೆಣ್ಣು ಕೇಳಲು ಬಂದಂತೆಯೇ ಸರಿ.

ಈ ವಿಚಿತ್ರ ವ್ಯವಹಾರ ಹೇಗೆ ಹುಟ್ಟಿತು, ಅದರಲ್ಲಿ ಹುಡುಗನು ಹಾಕುವ ಸಹಿಯ ಬೆಲೆಯೇನು ಎಂಬುದು ಈ ಲೇಖನದ ವಿಷಯ. ನಾನು ಓಟದ ಪಂಡಿತನಲ್ಲ, ಕನ್ನಡ ಪಂಡಿತ. ಆದರೆ ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳ ನಡುವೆ ಇದ್ದವನಿಗೆ, ಹದಿನೇಳನೆಯ ವಯಸ್ಸಿನಲ್ಲಿ ಕೊಟ್ಟ ಮಾತಿನ ತೂಕವೆಷ್ಟು ಎಂಬ ಪ್ರಶ್ನೆ ಹೊಸದಲ್ಲ.

ಅಮೆರಿಕದ ಕಾಲೇಜುಗಳು ಒಂದಕ್ಕೊಂದು ಎದುರಾಗಿ ಆಡಿದ ಮೊದಲ ಪಂದ್ಯ 1852ರಲ್ಲಿ ನಡೆದ ದೋಣಿಯ ಸ್ಪರ್ಧೆ. ಹಾರ್ವರ್ಡ್ ಮತ್ತು ಯೇಲ್ ಕಾಲೇಜುಗಳ ಹುಡುಗರು ವಿನಿಪೆಸಾಕಿ ಎಂಬ ಸರೋವರದಲ್ಲಿ ಹುಟ್ಟು ಹಾಕಿದರು. ಖರ್ಚನ್ನು ಹೊತ್ತುದು ಒಂದು ರೈಲ್ವೆ ಕಂಪನಿ. ಆಟ, ವಿದ್ಯೆ, ವ್ಯಾಪಾರ ಮೂರೂ ಅಂದೇ ಒಂದೇ ದೋಣಿಯಲ್ಲಿ ಕುಳಿತವು, ಇಂದಿಗೂ ಇಳಿದಿಲ್ಲ. ಮುಂದೆ ಫುಟ್‌ಬಾಲಿನ ಹುಚ್ಚು ಹೆಚ್ಚಿ, 1905ರಲ್ಲಿ ಆಟದ ಬಯಲಿನಲ್ಲಿಯೇ ಹುಡುಗರು ಸತ್ತರು. ಅಧ್ಯಕ್ಷ ರೂಸ್‌ವೆಲ್ಟರು ತಾವೇ ಕಾಲೇಜಿನವರನ್ನು ಕರೆಸಿ ಮಾತನಾಡಬೇಕಾಯಿತು. ಇದರ ಫಲವಾಗಿ 1906ರಲ್ಲಿ ಹುಟ್ಟಿದ ಸಂಘಕ್ಕೆ 1910ರಲ್ಲಿ ಎನ್.ಸಿ.ಎ.ಎ. ಎಂಬ ಹೆಸರಾಯಿತು. ಆಟಗಾರರಿಗೆ ಆಸೆ ತೋರಿಸಿ ಸೆಳೆಯಬಾರದೆಂದು ಸಂಘವು ಮೊದಲಿಗೇ ವಿಧಿಸಿತು. ವಿಧಿ ಪುಸ್ತಕದಲ್ಲಿತ್ತು, ಪದ್ಧತಿ ಬೇರೆಯೇ ಇತ್ತು. 1929ರಲ್ಲಿ ಕಾರ್ನೆಗಿ ಪ್ರತಿಷ್ಠಾನದವರು ನೂರಕ್ಕೂ ಮಿಕ್ಕ ಕಾಲೇಜುಗಳನ್ನು ಸುತ್ತಿ ವರದಿ ಬರೆದಾಗ, ಹೆಚ್ಚಿನ ಕಡೆ ಆಟಗಾರರಿಗೆ ಒಂದಲ್ಲ ಒಂದು ರೂಪದಲ್ಲಿ ಹಣ ಸಲ್ಲುತ್ತಿದ್ದುದು ಬಯಲಾಯಿತು.

1948ರಲ್ಲಿ ಸಂಘವು ‘ಸ್ಯಾನಿಟಿ ಕೋಡ್’, ಎಂದರೆ ಬುದ್ಧಿ ನೆಟ್ಟಗಿರುವವರ ಕಟ್ಟಳೆ, ಎಂಬೊಂದು ನಿಯಮಾವಳಿಯನ್ನು ತಂದಿತು. ಬಡತನವನ್ನು ನೋಡಿ ಶುಲ್ಕವನ್ನು ಬಿಡಬಹುದು, ಅದಕ್ಕಿಂತ ಹೆಚ್ಚು ಕೊಡಕೂಡದೆಂಬುದು ಅದರ ಸಾರ. ಮೀರಿದ ಏಳು ಕಾಲೇಜುಗಳನ್ನು ಹೊರಹಾಕಬೇಕೆಂದು 1950ರಲ್ಲಿ ಮತಕ್ಕೆ ಹಾಕಿದರೆ ಸಾಕಷ್ಟು ಮತ ಬೀಳಲಿಲ್ಲ. ಎಲ್ಲರ ಮನೆಯ ದೋಸೆಯೂ ತೂತಾಗಿದ್ದಾಗ ಕಲ್ಲೆಸೆಯುವವರಾರು? ಮರುವರ್ಷ ಕಟ್ಟಳೆಯೇ ರದ್ದಾಯಿತು. 1956ರಿಂದ ಆಟದ ಸಾಮರ್ಥ್ಯವೊಂದನ್ನೇ ನೋಡಿ ಶುಲ್ಕ, ಊಟ, ವಸತಿ, ಪುಸ್ತಕಗಳಿಗೆ ಸಹಾಯ ಕೊಡುವುದು ರಾಜಮಾರ್ಗವಾಯಿತು. ಹಾರ್ವರ್ಡ್, ಯೇಲ್ ಮೊದಲಾದ ಎಂಟು ಹಳೆಯ ವಿದ್ಯಾಲಯಗಳು ಮಾತ್ರ, ಮೊದಲ ದೋಣಿ ಬಿಟ್ಟವರೇ ಆದರೂ, ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವುದಿಲ್ಲವೆಂದು ತಮ್ಮಲ್ಲಿಯೇ ಒಪ್ಪಂದ ಮಾಡಿಕೊಂಡವು.

ಹಣ ಕೊಡಬಹುದೆಂದಾದ ಮೇಲೆ ಪೈಪೋಟಿ ಕೇಳಬೇಕೆ? ಒಬ್ಬ ಹುಡುಗ ಒಂದು ಕಾಲೇಜಿಗೆ ಬರುತ್ತೇನೆಂದು ಮಾತು ಕೊಟ್ಟ ಮೇಲೂ, ತರಗತಿಗೆ ಹೆಸರು ಹಚ್ಚುವ ದಿನದವರೆಗೆ ಬೇರೆ ಕಾಲೇಜಿನವರು ಅವನ ಬೆನ್ನು ಬಿಡುತ್ತಿರಲಿಲ್ಲ. ಈ ಕಾಟವನ್ನು ತಪ್ಪಿಸಲೆಂದು 1964ರಲ್ಲಿ ಏಳು ಕಾಲೇಜು ಒಕ್ಕೂಟಗಳೂ ಎಂಟು ಸ್ವತಂತ್ರ ವಿದ್ಯಾಲಯಗಳೂ ಸೇರಿ ‘ನ್ಯಾಷನಲ್ ಲೆಟರ್ ಆಫ್ ಇಂಟೆಂಟ್’ ಎಂಬ ಪತ್ರವನ್ನು ತಂದುವು. ನಾವು ಒಪ್ಪಿಗೆಪತ್ರವೆನ್ನೋಣ. ಹುಡುಗನು ಇಂಥ ಕಾಲೇಜಿನಲ್ಲಿ ಒಂದು ವರ್ಷ ಓದುತ್ತೇನೆಂದು ಬರೆದುಕೊಡಬೇಕು. ಕಾಲೇಜು ಆ ಒಂದು ವರ್ಷ ಸಹಾಯಧನ ಕೊಡುತ್ತೇನೆಂದು ಬರೆದುಕೊಡಬೇಕು. ಸಹಿ ಬಿದ್ದ ಕ್ಷಣದಿಂದ ಬೇರೆ ಯಾರೂ ಆ ಹುಡುಗನನ್ನು ಮಾತನಾಡಿಸಕೂಡದು. ಹುಡುಗನ ಸಹಿಯ ಜೊತೆಗೆ ತಾಯಿಯೋ ತಂದೆಯೋ ಪೋಷಕರೋ ಸಹಿ ಹಾಕಬೇಕು. ಮೊದಲು ಕೆಲವೇ ವಿದ್ಯಾಲಯಗಳಿದ್ದದ್ದು ಕಾಲಕ್ರಮದಲ್ಲಿ 600ಕ್ಕೂ ಹೆಚ್ಚಾಯಿತು.

ಅದೇ 1964ನೆಯ ಇಸವಿ ಅಮೆರಿಕದ ಹೈಸ್ಕೂಲು ಓಟಗಾರರ ಪಾಲಿಗೆ ಸುವರ್ಣವರ್ಷ. ಕ್ಯಾನ್ಸಸ್ ಪ್ರಾಂತದ ವಿಚಿಟಾ ಊರಿನ ಜಿಮ್ ರಯನ್ ಎಂಬ ಬಾಲಕ ಜೂನ್ 5ರಂದು ಒಂದು ಮೈಲಿಯನ್ನು 3 ನಿಮಿಷ 59 ಸೆಕೆಂಡಿನಲ್ಲಿ ಓಡಿದನು. ನಾಲ್ಕು ನಿಮಿಷದ ಗೋಡೆಯನ್ನು ದಾಟಿದ ಮೊದಲ ಹೈಸ್ಕೂಲು ಹುಡುಗ ಅವನೇ. ಸ್ಪೋಕೇನ್ ಊರಿನ ಗೆರಿ ಲಿಂಡ್‌ಗ್ರೆನ್ ಎಂಬ ಇನ್ನೊಬ್ಬ, ಕೃಶಕಾಯದ ಹುಡುಗ, ಹೈಸ್ಕೂಲು ಮುಗಿಸಿದ ಬೇಸಗೆಯಲ್ಲಿಯೇ ಲಾಸ್ ಏಂಜಲೀಸಿನಲ್ಲಿ ಸೋವಿಯತ್ ದೇಶದ ನುರಿತ ಓಟಗಾರರನ್ನು 10,000 ಮೀಟರಿನಲ್ಲಿ ಹಿಂದೆ ಹಾಕಿದನು. ಲಿಂಡ್‌ಗ್ರೆನ್ ತನ್ನ ಪ್ರಾಂತದ ವಾಷಿಂಗ್‌ಟನ್ ಸ್ಟೇಟ್ ವಿಶ್ವವಿದ್ಯಾನಿಲಯ ಸೇರಿ ಹನ್ನೊಂದು ಎನ್.ಸಿ.ಎ.ಎ. ಪಟ್ಟಗಳನ್ನು ಗೆದ್ದನು.

ರಯನ್ನನ ಕಥೆಯಲ್ಲಿ ಸ್ವಾರಸ್ಯವಿದೆ. ಅವನ ಹೈಸ್ಕೂಲಿನ ಗುರು ಬಾಬ್ ಟಿಮನ್ಸ್ 1964ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಮರುವರ್ಷ ಶಿಷ್ಯನೂ ಅಲ್ಲಿಗೇ ಹೋದನು. ಆದರೆ ಆಗಿನ ನಿಯಮದಂತೆ ಮೊದಲ ವರ್ಷದ ವಿದ್ಯಾರ್ಥಿ ಕಾಲೇಜಿನ ಮುಖ್ಯ ತಂಡದಲ್ಲಿ ಓಡುವಂತಿರಲಿಲ್ಲ. ಹೀಗೆ ಎನ್.ಸಿ.ಎ.ಎ. ಪಂದ್ಯದ ಅಂಕಣದ ಹೊರಗೆ ನಿಂತ ಆ ಹುಡುಗ ಅದೇ 1966ರ ಜುಲೈಯಲ್ಲಿ ಬರ್ಕ್ಲಿಯಲ್ಲಿ ಮೈಲಿಯನ್ನು 3 ನಿಮಿಷ 51.3 ಸೆಕೆಂಡಿನಲ್ಲಿ ಓಡಿ ಜಗತ್ತಿನ ದಾಖಲೆ ಮುರಿದನು!

ಆದರೆ ಕಾಲೇಜು ಹುಡುಗನನ್ನು ಬಯಸುವುದೆಂದರೇನೆಂದು ತಿಳಿಯಬೇಕಾದರೆ ಸ್ಟೀವ್ ಪ್ರಿಫಾಂಟೇನನ ಕಥೆಯನ್ನು ಕೇಳಬೇಕು. ಆರೆಗಾನ್ ಪ್ರಾಂತದ ಕಡಲ ದಂಡೆಯಲ್ಲಿ ಕೂಸ್ ಬೇ ಎಂಬ ಊರಿದೆ. ಮರದ ದಿಮ್ಮಿಗಳನ್ನು ಕೊಯ್ದು ಹಡಗಿಗೆ ತುಂಬುವವರ ಊರು. ಅಲ್ಲಿಯ ಮಾರ್ಷ್‌ಫೀಲ್ಡ್ ಹೈಸ್ಕೂಲಿನ ಈ ಹುಡುಗ 1969ರ ಏಪ್ರಿಲಿನಲ್ಲಿ ಎರಡು ಮೈಲಿಯನ್ನು 8 ನಿಮಿಷ 41.5 ಸೆಕೆಂಡಿನಲ್ಲಿ ಓಡಿ ಹೈಸ್ಕೂಲುಗಳ ರಾಷ್ಟ್ರೀಯ ದಾಖಲೆ ಮಾಡಿದನು. ಹಲವಾರು ಕಾಲೇಜುಗಳಿಂದ ಕರೆ ಬಂದಿತು. ಅವನಿಗೆ ಬೇಕಾಗಿದ್ದುದು ತನ್ನದೇ ಪ್ರಾಂತದ ಯೂಜೀನ್ ಊರಿನ ಆರೆಗಾನ್ ವಿಶ್ವವಿದ್ಯಾನಿಲಯ. ಆದರೆ ಅಲ್ಲಿನ ಹಿರಿಯ ತರಬೇತುದಾರ ಬಿಲ್ ಬೋವರ್‌ಮನ್ ಹುಡುಗರ ಬೆನ್ನು ಹತ್ತುವ ಸ್ವಭಾವದವರಲ್ಲ. ಕಡೆಗೆ ಅವರಿಂದ ಕೈಬರಹದ ಒಂದು ಕಾಗದ ಬಂದಿತು. ನೀನು ಆರೆಗಾನಿಗೆ ಬಂದರೆ ಜಗತ್ತಿನ ಅತ್ಯುತ್ತಮ ದೂರ ಓಟಗಾರನಾಗಬಲ್ಲೆ ಎಂಬುದು ಅದರ ತಾತ್ಪರ್ಯ. ಹುಡುಗನಿಗೆ ಅಷ್ಟೇ ಸಾಕಾಯಿತು. ಒಪ್ಪಿಗೆಪತ್ರಕ್ಕೆ ಸಹಿ ಹಾಕಿದನು. ಬೋವರ್‌ಮನ್ ಬಳಿಕ ಕೂಸ್ ಬೇ ಊರಿನ ಜನರಿಗೂ ಒಂದು ಕಾಗದ ಬರೆದು, ಇಂಥ ಹುಡುಗನನ್ನು ಬೆಳೆಸಿದುದಕ್ಕಾಗಿ ಕೃತಜ್ಞತೆ ಹೇಳಿದರು. ಈ ಎರಡನೆಯ ಕಾಗದವೇ ನನಗೆ ಹೆಚ್ಚು ಇಷ್ಟ. ಸ್ಟೀವ್ ಕ್ರಾಸ್ ಕಂಟ್ರಿಯಲ್ಲಿ ಮೂರು ಸಲ, ಅಂಕಣದ ಮೂರು ಮೈಲಿ ಅಥವಾ 5,000 ಮೀಟರು ಓಟದಲ್ಲಿ ನಾಲ್ಕು ವರ್ಷವೂ ಕಾಲೇಜುಗಳ ಪಟ್ಟ ಗೆದ್ದನು; 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ 5,000 ಮೀಟರಿನಲ್ಲಿ ನಾಲ್ಕನೆಯವನಾದನು; 1975ರ ಮೇ 30ರಂದು ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವನಿಗೆ 24 ವರ್ಷ.

ಇಂಥ ಕಥೆಗಳನ್ನು ಕೇಳಿ ಎಲ್ಲ ಓಟಗಾರರಿಗೂ ಹೀಗೆಯೇ ನಡೆಯುತ್ತದೆಂದು ಭಾವಿಸಬೇಡಿ. ಫುಟ್‌ಬಾಲಿನಲ್ಲಿ ಟಿಕೆಟ್ಟು ಮಾರಿದ ಹಣ ಬರುತ್ತದೆ. ಕೆಸರು ಬಯಲಿನಲ್ಲಿ, ಗುಡ್ಡದ ಓರೆಯಲ್ಲಿ ಹತ್ತು ಕಿಲೋಮೀಟರು ಓಡುವವನನ್ನು ಕಾಸು ಕೊಟ್ಟು ನೋಡುವವರು ಕಡಮೆ. ಬಹುಕಾಲದವರೆಗೆ ಮೊದಲ ದರ್ಜೆಯ ಒಂದು ಕಾಲೇಜು ಪುರುಷರ ಓಟ, ಜಿಗಿತ, ಎಸೆತ, ಕ್ರಾಸ್ ಕಂಟ್ರಿ ಎಲ್ಲಕ್ಕೂ ಸೇರಿ ಕೊಡಬಹುದಾಗಿದ್ದ ಪೂರ್ಣ ವಿದ್ಯಾರ್ಥಿವೇತನಗಳು ಒಟ್ಟು 12.6, ಸ್ತ್ರೀಯರಿಗೆ 18. ಆರು ದಶಾಂಶ ಹುಡುಗ ಎಲ್ಲಿ ಸಿಕ್ಕುತ್ತಾನೆಂದು ನೀವು ನಗಬಹುದು. ಅಷ್ಟನ್ನೇ ಚೂರು ಚೂರು ಮಾಡಿ ಹಂಚಬೇಕಾಗಿತ್ತು: ಗುಂಡು ಎಸೆಯುವವನಿಗೆ ಅರ್ಧ, ನೂರು ಮೀಟರಿನವನಿಗೆ ಮುಕ್ಕಾಲು, ದೂರದ ಓಟಗಾರನಿಗೆ ಕಾಲು, ಹಲವರಿಗೆ ಬರೀ ಪುಸ್ತಕದ ಖರ್ಚು. ಏನೂ ಇಲ್ಲದೆ ಸ್ವಂತ ಹಣದಿಂದ ಓದುತ್ತ ತಂಡದಲ್ಲಿ ಓಡುವವರೂ ಬಹಳ. ಹಾಗಾದರೆ ತರಬೇತುದಾರನಿಗೆ ದೂರದ ಓಟಗಾರರೇಕೆ ಬೇಕು? ಕ್ರಾಸ್ ಕಂಟ್ರಿಯಲ್ಲಿ ಏಳು ಜನ ಓಡಿದರೆ ಮೊದಲ ಐವರ ಸ್ಥಾನಸಂಖ್ಯೆಗಳನ್ನು ಕೂಡಿಸುತ್ತಾರೆ. ಮೊತ್ತ ಕಡಮೆಯಾದ ತಂಡ ಗೆಲ್ಲುತ್ತದೆ. ಮಹಾವೀರನೊಬ್ಬನಿದ್ದು ಸಾಲದು, ಐದನೆಯವನು ಹಿಂದೆ ಬಿದ್ದರೆ ತಂಡವೇ ಬಿದ್ದಂತೆ. ಆದುದರಿಂದ ಸಾಧಾರಣ ಹುಡುಗನನ್ನೂ ಜಾಣ ತರಬೇತುದಾರ ಕಣ್ಣಿಟ್ಟು ನೋಡುತ್ತಾನೆ. ಅವನು ಕೈಗಡಿಯಾರದ ಅಂಕೆಯೊಂದನ್ನೇ ನೋಡುವುದಿಲ್ಲ. ವಾರಕ್ಕೆ ಎಷ್ಟು ಮೈಲಿ ಓಡಿ ಆ ಅಂಕೆ ಬಂದಿತೆಂದೂ ಕೇಳುತ್ತಾನೆ. ಹೈಸ್ಕೂಲಿನಲ್ಲಿಯೇ ಕಾಲು ಸವೆಸಿಕೊಂಡವನಿಗಿಂತ, ಕಡಮೆ ಓಡಿ ಚೆನ್ನಾಗಿ ಓಡಿದವನು ಮುಂದೆ ಬೆಳೆಯಬಹುದೆಂಬುದು ಲೆಕ್ಕ. ಮೊಣಕಾಲ ಕೆಳಗಿನ ಎಲುಬು ಬಿರಿದರೆ ಎಲ್ಲ ಲೆಕ್ಕವೂ ತಪ್ಪಿತು.

ಹೆಣ್ಣುಮಕ್ಕಳಿಗೆ ಈ ಬಾಗಿಲು ತೆರೆದುದು ತಡವಾಗಿ. 1972ರಲ್ಲಿ ‘ಟೈಟಲ್ ನೈನ್’ ಎಂಬ ಶಾಸನವಾಗಿ, ಸರಕಾರದ ಹಣ ಪಡೆಯುವ ವಿದ್ಯಾಲಯಗಳು ಗಂಡುಹೆಣ್ಣೆಂಬ ಭೇದ ಮಾಡಕೂಡದೆಂದಾಯಿತು. ಎನ್.ಸಿ.ಎ.ಎ. ಸ್ತ್ರೀಯರಿಗಾಗಿ ಮೊದಲ ಕ್ರಾಸ್ ಕಂಟ್ರಿ ಪಂದ್ಯ ನಡೆಸಿದುದು 1981ರಲ್ಲಿ. ಪುರುಷರದು 1938ರಲ್ಲಿಯೇ ಆರಂಭವಾಗಿತ್ತು.

ಹುಡುಕುವವರ ಕಣ್ಣು ದೇಶದ ಗಡಿಯನ್ನೂ ದಾಟಿತು. ವಿಲನೋವಾ ಕಾಲೇಜು ಐರ್ಲೆಂಡಿನಿಂದ ಹುಡುಗರನ್ನು ತರಿಸಿತು. ಅವರಲ್ಲಿ ರಾನ್ ಡಿಲೇನಿ 1956ರಲ್ಲಿ ಮೆಲ್ಬೋರ್ನಿನಲ್ಲಿ 1,500 ಮೀಟರಿನ ಚಿನ್ನ ಗೆದ್ದನು. ವಾಷಿಂಗ್‌ಟನ್ ಸ್ಟೇಟಿಗೆ ಕೀನ್ಯದಿಂದ ಬಂದ ಹೆನ್ರಿ ರೋನೊ 1978ರಲ್ಲಿ 81 ದಿನಗಳಲ್ಲಿ ನಾಲ್ಕು ವಿಶ್ವದಾಖಲೆಗಳನ್ನು ಮಾಡಿದನು. ನಮ್ಮ ಹುಡುಗರ ಅನ್ನಕ್ಕೆ ಪರದೇಶದವರು ಬಂದರೆಂದು ಅಮೆರಿಕದ ತಂದೆತಾಯಿಗಳು ಗೊಣಗಿದ್ದೂ ಉಂಟು.

ಈಗ ಆ ಸಹಿಯ ವಿಷಯಕ್ಕೆ ಬರೋಣ. ಹಳಗನ್ನಡ ಓದಿದವರಿಗೆ ಜೋಳವಾಳಿ, ವೇಳೆವಾಳಿ ಎಂಬ ಮಾತುಗಳ ಪರಿಚಯವಿದೆ. ಉಂಡ ಜೋಳದ ಋಣವನ್ನು ಕಾಳಗದಲ್ಲಿ ತೀರಿಸುವುದು ಜೋಳವಾಳಿ. ಒಡೆಯನು ಸತ್ತರೆ ತಾನೂ ಸಾಯುವೆನೆಂದು ಭಾಷೆ ಕೊಡುವುದು ವೇಳೆವಾಳಿ. ಹುಡುಗನು ಮನಸ್ಸಿನಲ್ಲಿ ಕೊಡುತ್ತಿದ್ದುದು ತರಬೇತುದಾರನಿಗೆ ವೇಳೆವಾಳಿ. ಕಾಗದದ ಮೇಲೆ ಇದ್ದುದು ಕಾಲೇಜಿಗೆ ಜೋಳವಾಳಿ. ಪತ್ರದಲ್ಲಿಯೇ ಇದನ್ನು ಸ್ಪಷ್ಟವಾಗಿ ಅಚ್ಚು ಹಾಕಿದ್ದರು: ನೀನು ಸಹಿ ಹಾಕುತ್ತಿರುವುದು ವಿದ್ಯಾಲಯಕ್ಕೆ, ವ್ಯಕ್ತಿಗಲ್ಲ. ಸಹಿ ಹಾಕಿದ ಮರುದಿನ ಆ ತರಬೇತುದಾರ ಹೆಚ್ಚಿನ ಸಂಬಳಕ್ಕೆ ಬೇರೆಡೆಗೆ ಹೋದರೂ ಹುಡುಗನಿಗೆ ಬಿಡುಗಡೆಯಿಲ್ಲ. ಕಾಲೇಜು ತಾನಾಗಿ ಬಿಡದೆ ಅವನು ಬೇರೆ ಕಡೆ ಹೋದರೆ ಒಂದು ವರ್ಷ ಪಂದ್ಯಗಳಿಂದ ಹೊರಗೆ ಕೂರಬೇಕು, ಆ ವರ್ಷದ ಹಕ್ಕೂ ಹೋಗುತ್ತದೆ. ಕಾಲೇಜಿನ ಕಡೆಯ ಕಟ್ಟು ಎಷ್ಟು? 1973ರಿಂದ ವಿದ್ಯಾರ್ಥಿವೇತನವನ್ನು ವರ್ಷ ವರ್ಷವೂ ನವೀಕರಿಸುವ ಪದ್ಧತಿ ಬಂದು, ನಾಲ್ಕು ವರ್ಷದ ಭರವಸೆ ಹೋಯಿತು. ಹಲವು ವರ್ಷಗಳಿಗೆ ಒಟ್ಟಿಗೆ ಕೊಡಬಹುದೆಂದು ಮತ್ತೆ ಒಪ್ಪಿದುದು 2012ರಲ್ಲಿ. ನಡುವಿನ ನಾಲ್ಕು ದಶಕಗಳ ಕಾಲ ಎರಡನೆಯ ವರ್ಷದ ಅನ್ನ ಯಾರ ಇಷ್ಟದ ಮೇಲಿತ್ತೆಂದು ನೀವೇ ಊಹಿಸಬಹುದು. ನಮ್ಮ ಶಾಲೆಯಲ್ಲಿ ಓಟ ಗೆದ್ದ ಹುಡುಗನಿಗೆ ಸ್ಟೀಲಿನ ಲೋಟವೊಂದನ್ನು ಕೊಟ್ಟು ಕಳಿಸುತ್ತೇವೆ. ಆ ಲೋಟವನ್ನು ಮರುವರ್ಷ ವಾಪಸು ಕೇಳುವುದಿಲ್ಲ ಎಂಬಷ್ಟು ಹೆಮ್ಮೆ ನಮಗಿರಲಿ.

ಸಹಿಗೆ ಮೊದಲು ಬಾಯಿಮಾತಿನ ಒಪ್ಪಿಗೆಯೊಂದಿದೆ. ಅದು ಎರಡು ಕಡೆಯವರನ್ನೂ ಕಟ್ಟುವುದಿಲ್ಲ. ಆದರೂ ಹುಡುಗನ ಊರಿನಲ್ಲಿ ಸುದ್ದಿ ಹರಡುತ್ತದೆ, ಉಳಿದ ಕಾಲೇಜುಗಳಿಗೆ ಅವನು ‘ಬೇಡ’ವೆಂದು ಬರೆದುಬಿಡುತ್ತಾನೆ.

ಈ ಬಾಯಿಮಾತಿನ ದೌರ್ಬಲ್ಯ ಬೆಳಕಿಗೆ ಬಂದುದು ಇತ್ತೀಚೆಗೆ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದೆಂದಾಯಿತು. ಅಷ್ಟರ ಮೇಲೆ, ಇಷ್ಟು ವರ್ಷ ನಮಗೆ ಪಾಲು ಕೊಡಲಿಲ್ಲವೆಂದು ಹಳೆಯ ಆಟಗಾರರು ಹೂಡಿದ್ದ ದಾವೆ ರಾಜಿಗೆ ಬಂದಿತು. 2024ರ ಅಕ್ಟೋಬರಿನಲ್ಲಿ ಅರವತ್ತು ವರ್ಷದ ಒಪ್ಪಿಗೆಪತ್ರವನ್ನೇ ತೆಗೆದುಹಾಕಿ, ಸಹಾಯಧನದ ಕರಾರನ್ನು ಅದರ ಸ್ಥಾನದಲ್ಲಿ ನಿಲ್ಲಿಸಿದರು. ರಾಜಿಯಲ್ಲಿ 12.6ರ ಮಿತಿ ಹೋಯಿತು. ಬದಲಿಗೆ ತಲೆಯೆಣಿಕೆಯ ಮಿತಿ ಬಂದಿತು. ರಾಜಿಗೆ ಸೇರಿದ ಕಾಲೇಜು ಕ್ರಾಸ್ ಕಂಟ್ರಿ ತಂಡದಲ್ಲಿ 17 ಜನರಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಹಣವಿಲ್ಲದೆಯೂ ತಂಡದಲ್ಲಿ ಜಾಗವಿದೆಯೆಂಬ ಮಾತನ್ನು ನಂಬಿದ್ದ ಹುಡುಗ ಹುಡುಗಿಯರಿಗೆ, ರಾಜಿ ಇನ್ನೂ ಊರ್ಜಿತವಾಗುವ ಮೊದಲೇ, ಜಾಗವಿಲ್ಲವೆಂಬ ಸುದ್ದಿ ಹೋಯಿತು. ಕೆಲವರು ನ್ಯಾಯಾಲಯಕ್ಕೆ ಕಾಗದ ಬರೆದರು, ಕೆಲವರು ನಿಂತು ಮಾತನಾಡಿದರು. ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ 2025ರ ಏಪ್ರಿಲಿನಲ್ಲಿ, ಈ ಮಕ್ಕಳ ಗತಿಯೇನೆಂದು ತೀರ್ಮಾನವಾಗದೆ ಸಹಿ ಹಾಕುವುದಿಲ್ಲವೆಂದು ರಾಜಿಯನ್ನು ತಡೆದರು. ಹೀಗೆ ಜಾಗ ಕಳೆದುಕೊಂಡವರನ್ನು 17ರ ಲೆಕ್ಕಕ್ಕೆ ಹಿಡಿಯದೆ ಮತ್ತೆ ಸೇರಿಸಿಕೊಳ್ಳಬಹುದೆಂದು ತಿದ್ದುಪಡಿಯಾಗಿ, ಜೂನ್ 6ರಂದು ಒಪ್ಪಿಗೆ ಸಿಕ್ಕಿತು. ಸೇರಿಸಿಕೊಳ್ಳಬಹುದು ಎಂದಿದೆ, ಸೇರಿಸಿಕೊಳ್ಳಬೇಕು ಎಂದಿಲ್ಲ.