ಶ್ರೀಗಂಧದ ಮರವೂ ರಾಜಶಾಸನವೂ

ನಮ್ಮ ನಾಡಿಗೆ ಗಂಧದಗುಡಿಯೆಂಬ ಹೆಸರನ್ನು ತಂದುಕೊಟ್ಟ ಶ್ರೀಗಂಧವು ಇಂದು ವಿರಳವೃಕ್ಷಗಳ ಪಂಕ್ತಿಗೆ ಸೇರಿದೆ. 1998ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘವು ಇದನ್ನು ಅಪಾಯಕ್ಕೀಡಾಗಬಹುದಾದ ಜಾತಿಗಳ ಪಟ್ಟಿಯಲ್ಲಿ ಬರೆದುಕೊಂಡಿತು. ಎರಡು ಶತಮಾನಗಳ ಕಾಲ ಸರ್ಕಾರದ ಕಾವಲಿನಲ್ಲಿದ್ದ ಮರಕ್ಕೆ ಈ ಗತಿ ಏಕೆ ಒದಗಿತೆಂಬುದು ವಿಚಾರಾರ್ಹವಾದ ವಿಷಯ.

ಮೊದಲು ಮರದ ಸ್ವಭಾವವನ್ನು ತಿಳಿಯಬೇಕು. ಶ್ರೀಗಂಧವು ತನ್ನ ಆಹಾರವನ್ನು ಎಲೆಗಳಲ್ಲಿ ತಾನೇ ಸಿದ್ಧಪಡಿಸಿಕೊಂಡರೂ, ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಹತ್ತಿಸಿ ನೀರನ್ನೂ ಲವಣಗಳನ್ನೂ ಹೀರುತ್ತದೆ. ಹಣ್ಣನ್ನು ತಿಂದ ಹಕ್ಕಿಗಳು ಅದರ ಬೀಜವನ್ನು ದೂರದೂರಕ್ಕೆ ಹರಡುತ್ತವೆ. ಆದುದರಿಂದ ಅದು ಕಾಡಿನಲ್ಲಿ ಮಾತ್ರವಲ್ಲದೆ ಹೊಲದ ಬೇಲಿಯಲ್ಲಿಯೂ ಮನೆಯ ಹಿತ್ತಲಿನಲ್ಲಿಯೂ ಹುಟ್ಟುವುದು. ಸರ್ಕಾರದ ನೆಲ, ರೈತನ ನೆಲ ಎಂಬ ಎಲ್ಲೆಯನ್ನು ಹಕ್ಕಿ ಅರಿಯದು.

1792ರಲ್ಲಿ ಟೀಪೂ ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಅವನ ಅನಂತರವೂ ಈ ಹಕ್ಕು ಸಂಸ್ಥಾನದ ಸರ್ಕಾರದಲ್ಲಿಯೇ ಉಳಿಯಿತು. 1864ರಲ್ಲಿ ಮೈಸೂರಿನ ಅರಣ್ಯ ಇಲಾಖೆಯು ಸ್ಥಾಪಿತವಾದ ಮೇಲೆ ಮರಗಳ ರಕ್ಷಣೆಯು ಕ್ರಮಬದ್ಧವಾಯಿತು. 1914ರ ಮಹಾಯುದ್ಧದಿಂದ ಯೂರೋಪಿನ ವ್ಯಾಪಾರವು ಕಡಿದುಬೀಳಲು, ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ನಡೆದ ಪರೀಕ್ಷೆಗಳ ಫಲವಾಗಿ 1916ರಲ್ಲಿ ಇಲ್ಲಿಯೇ ಗಂಧದೆಣ್ಣೆಯನ್ನು ಬಟ್ಟಿಯಿಳಿಸುವ ಕೆಲಸವು ಆರಂಭವಾಯಿತು. ಹೀಗೆ ಈ ಮರವು ಬೊಕ್ಕಸಕ್ಕೆ ಆಧಾರವಾಯಿತು.

ಅಷ್ಟರಲ್ಲಿ ಒಂದು ವಿಪತ್ತು ಮೊದಲಾಗಿದ್ದಿತು. 1899ರಲ್ಲಿ ಕೊಡಗಿನಲ್ಲಿ ಸ್ಪೈಕ್ ಎಂಬ ರೋಗವು ಕಂಡುಬಂದಿತು. ಎಲೆಗಳು ಕಿರಿದಾಗಿ ಸೆಟೆದು ನಿಂತು, ಮರವು ಕೆಲವೇ ವರ್ಷಗಳಲ್ಲಿ ಒಣಗುವುದು. ಕಾರಣವು ತಿಳಿಯದಿದ್ದುದರಿಂದ, ಕಾಡನ್ನು ಶೋಧಿಸಿ ರೋಗದ ಮರಗಳನ್ನು ಕಿತ್ತುಹಾಕುವುದೇ ಆ ಕಾಲದ ಉಪಾಯವಾಗಿದ್ದಿತು. ಕೀಟಗಳು ಸಾಗಿಸುವ ಅತಿಸೂಕ್ಷ್ಮಜೀವಿಗಳೇ ಇದಕ್ಕೆ ಮೂಲವೆಂಬುದಕ್ಕೆ ಸಾಕ್ಷ್ಯವು ದೊರೆತದ್ದು 1969ರಲ್ಲಿ.

ರೋಗದೊಡನೆ ಕಳ್ಳಸಾಗಣೆಯೂ ಸೇರಿತು. ಎಣ್ಣೆಯು ಬೇರಿನಲ್ಲಿಯೂ ಇರುವುದರಿಂದ ಮರವನ್ನು ಬುಡಸಹಿತ ಅಗೆದು ತೆಗೆಯುವುದು ವಾಡಿಕೆ. ಆದರೆ ಇವೆರಡಕ್ಕಿಂತ ಸೂಕ್ಷ್ಮವಾದ ಇನ್ನೊಂದು ಕಾರಣವನ್ನು ಗಮನಿಸತಕ್ಕದ್ದು. ರೈತನ ಹೊಲದಲ್ಲಿ ಬೆಳೆದ ಮರವೂ ಸರ್ಕಾರದ್ದೇ. ಅದನ್ನು ಕಾಯುವ ಹೊಣೆ ಮಾತ್ರ ರೈತನದು. ಮರವು ಕಾಣೆಯಾದರೆ ಅವನೇ ಉತ್ತರ ಹೇಳಬೇಕು. ಹೀಗಿರುವಲ್ಲಿ ಬೇಲಿಯಲ್ಲಿ ತಲೆಯೆತ್ತಿದ ಸಸಿಯು ಅವನಿಗೆ ಭಾಗ್ಯವಾಗಿ ತೋರದೆ ಭಯವಾಗಿ ತೋರಿದರೆ ಆಶ್ಚರ್ಯವೇನು? ಇಲಾಖೆಯ ಲೆಕ್ಕಕ್ಕೆ ನಿಂತ ಮರ ಸಿಕ್ಕೀತು. ಎರಡೆಲೆಯಲ್ಲಿಯೇ ಸದ್ದಿಲ್ಲದೆ ಕಿತ್ತೆಸೆದ ಸಸಿಯು ಯಾವ ಪುಸ್ತಕಕ್ಕೂ ಏರದು.

2001ರಲ್ಲಿ ಕರ್ನಾಟಕ ಸರ್ಕಾರವು ಶಾಸನವನ್ನು ತಿದ್ದಿ, ಹಿಡುವಳಿ ಜಮೀನಿನ ಶ್ರೀಗಂಧವು ಭೂಮಾಲೀಕನಿಗೆ ಸೇರತಕ್ಕದ್ದೆಂದು ವಿಧಿಸಿತು. ಕಡಿಯುವುದಕ್ಕೆ ಅನುಮತಿಯು ಈಗಲೂ ಬೇಕು. ಆದರೂ ನೆಡುವ ಕೈಗಳು ಹೆಚ್ಚಿವೆ. ಕಾಡಿನ ಮರಕ್ಕೆ ಕಾವಲೂ ಗಣತಿಯೂ ಅವಶ್ಯವೇ. ಆದರೆ ಊರಿನ ಜನಕ್ಕೆ ಮರದಲ್ಲಿ ಪಾಲಿಲ್ಲದೆ ಹೋದರೆ ಎಂಥ ಕಾವಲೂ ಸಾಲದೆಂಬುದನ್ನು ಈ ಚರಿತ್ರೆಯು ನಮಗೆ ತಿಳಿಸುತ್ತದೆ.