ಕದ್ರಿಯ ಲೋಕೇಶ್ವರ: ಶಿವಭಕ್ತನು ಸ್ಥಾಪಿಸಿದ ಬೋಧಿಸತ್ತ್ವ

ಮಂಗಳೂರಿನ ಕದ್ರಿ ಗುಡ್ಡದ ಮಂಜುನಾಥ ದೇವಾಲಯವು ತುಳುನಾಡಿನ ಪ್ರಸಿದ್ಧ ಶಿವಕ್ಷೇತ್ರಗಳಲ್ಲೊಂದು. ಗರ್ಭಗೃಹದಲ್ಲಿ ಮಂಜುನಾಥನು ಲಿಂಗರೂಪದಿಂದ ಪೂಜೆಗೊಳ್ಳುತ್ತಾನೆ. ಅದೇ ದೇವಾಲಯದಲ್ಲಿ ಮೂರು ಮುಖ, ಆರು ತೋಳುಗಳುಳ್ಳ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಗುಡ್ಡದ ಮೇಲ್ಭಾಗದಲ್ಲಿ ನಾಥಪಂಥದ ಜೋಗಿಮಠವಿದೆ. ಬೌದ್ಧ, ನಾಥ, ಶೈವ ಪರಂಪರೆಗಳು ಹೀಗೆ ಒಂದೆಡೆ ನೆಲೆಸಿದುದನ್ನು ಕಂಡವರು, ಶೈವರು ಬೌದ್ಧರ ವಿಹಾರವನ್ನು ಕಸಿದುಕೊಂಡರೆಂದು ಸುಲಭವಾಗಿ ತೀರ್ಮಾನಿಸುವುದುಂಟು. ಶಾಸನವಾದರೋ ಬೇರೊಂದು ಸಂಗತಿಯನ್ನು ತಿಳಿಸುತ್ತದೆ.

ಲೋಕೇಶ್ವರ ವಿಗ್ರಹದ ಪೀಠದ ಮೇಲೆ ಗ್ರಂಥಲಿಪಿಯಲ್ಲಿ ಕೆತ್ತಿದ ಸಂಸ್ಕೃತ ಶಾಸನವಿದೆ. ಕಲಿಯುಗದ 4068 ವರ್ಷಗಳು ಕಳೆದಾಗ, ಅಂದರೆ ಕ್ರಿ.ಶ. 968ರಲ್ಲಿ, ಆಳುಪ ದೊರೆ ಕುಂದವರ್ಮನು ಕದಿರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದನೆಂಬುದು ಅದರ ಸಾರಾಂಶ. ಲೋಕೇಶ್ವರನೆಂದರೆ ಬೌದ್ಧರ ಅವಲೋಕಿತೇಶ್ವರ, ಕರುಣೆಯ ಬೋಧಿಸತ್ತ್ವ. ಆದರೆ ಅದೇ ಶಾಸನವು ದೊರೆಯನ್ನು ಚಂದ್ರಮೌಳಿಯ ಪಾದಸೇವಕನೆಂದು ವರ್ಣಿಸುತ್ತದೆ. ತನ್ನ ಇಷ್ಟದೈವವನ್ನು ಬಿಡದೆಯೇ ಶಿವಭಕ್ತನೊಬ್ಬನು ಅನ್ಯರ ವಿಹಾರದಲ್ಲಿ ಅವರ ಆರಾಧ್ಯಮೂರ್ತಿಯನ್ನು ಸ್ಥಾಪಿಸಿದನೆಂಬುದು ಇದರಿಂದ ಸಿದ್ಧವಾಗುತ್ತದೆ.

ನಾಥಪಂಥದ ಸಂಬಂಧಕ್ಕೆ ನೇಪಾಳವು ಬೆಳಕು ನೀಡುತ್ತದೆ. ಅಲ್ಲಿಯ ಪಾಟಣ ನಗರದಲ್ಲಿ ರಥವೇರುವ ಮತ್ಸ್ಯೇಂದ್ರನಾಥನನ್ನು ಬೌದ್ಧರು ಅವಲೋಕಿತೇಶ್ವರನೆಂದೇ ಪೂಜಿಸುತ್ತಾರೆ. ಕದ್ರಿಯಲ್ಲಿಯೂ ಲೋಕೇಶ್ವರನ ನೆಲೆಯಲ್ಲಿ ನಾಥಯೋಗಿಗಳು ಬೇರೂರಿದುದು ಆದುದರಿಂದ ಅಸಹಜವಲ್ಲ. ಮಂಜುನಾಥನೆಂಬ ಹೆಸರು ಬೌದ್ಧರ ಮಂಜುಶ್ರೀಯಿಂದ ಬಂದುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಈ ವಿಷಯದಲ್ಲಿ ಏಕಾಭಿಪ್ರಾಯವಿಲ್ಲ.

ಶರಣಸಾಹಿತ್ಯದ ಅಭ್ಯಾಸಿಗಳಿಗೆ ನಾಥಪಂಥವು ಅಪರಿಚಿತವಲ್ಲ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವು ಗೋರಕ್ಷನನ್ನು ಸಂಧಿಸುತ್ತಾನೆ. ಖಡ್ಗದ ಪೆಟ್ಟಿಗೆ ಗೋರಕ್ಷನ ವಜ್ರಕಾಯವು ಖಣಿಲೆಂದು ದನಿಗೈದರೆ, ಪ್ರಭುವಿನ ದೇಹದಲ್ಲಿ ಖಡ್ಗವು ಬಯಲಿನಲ್ಲಿ ಸುಳಿದಂತೆ ಸುಳಿಯುತ್ತದೆ. ಕಾಯಸಿದ್ಧಿಯನ್ನು ಪ್ರಭುವು ಒಪ್ಪುವುದಿಲ್ಲ. ಆದರೆ ಗೋರಕ್ಷನನ್ನು ತಿರಸ್ಕರಿಸುವುದೂ ಇಲ್ಲ, ಅರಿವಿನ ಕಡೆಗೆ ಕರೆದೊಯ್ಯುತ್ತಾನೆ. ಭಿನ್ನಮತದೊಡನೆ ವ್ಯವಹರಿಸುವ ಸರಿಯಾದ ಕ್ರಮವಿದು.

ಹೀಗೆಂದ ಮಾತ್ರಕ್ಕೆ ಕದ್ರಿಯ ಇತಿಹಾಸವೆಲ್ಲ ಸಾಮರಸ್ಯದ ಕಥೆಯೆಂದು ಭಾವಿಸಲಾಗದು. ವಿಹಾರವು ವಿಹಾರವಾಗಿ ಉಳಿಯಲಿಲ್ಲ. ಅಲ್ಲಿಯ ಭಿಕ್ಷುಗಳ ಪರಂಪರೆಯು ಅಳಿಯಿತು. ಉಳಿದುದು ಮೂರ್ತಿ ಮತ್ತು ಅದರ ಪೀಠದ ಅಕ್ಷರಗಳು. ಆ ಮೂರ್ತಿಯ ಮುಂದೆ ಕೈಮುಗಿಯುವ ಭಕ್ತನು ಅದು ಯಾರದೆಂಬುದನ್ನು ಅರಿತು ಮುಗಿಯಬೇಕು. ಪರರ ದೈವವನ್ನು ಅದರ ಹೆಸರಿನಿಂದಲೇ ಗೌರವಿಸಿದ ಕುಂದವರ್ಮನ ಶಿವಭಕ್ತಿಗೆ ಅದರಿಂದ ಕುಂದು ಬರಲಿಲ್ಲ. ನಮ್ಮ ಭಕ್ತಿಗೂ ಬಾರದು.